ಟೈಮಿಂಗ್ ಲೈಟಿನಲ್ಲಿ ನಿಂತ ಫ್ಯಾನು

ಅದೊಂದು ದೊಡ್ಡ ಎಂಜಿನ್ನಿನ ಹಳೆಯ ಅಮೆರಿಕನ್ ಮಸಲ್ ಕಾರು. ೨೦೧೪ರ ಜುಲೈಯಲ್ಲಿ ಅರಬ ಹಿರಿಯರೊಬ್ಬರು ಅದನ್ನು ಸತ್ವಾ ಬಡಾವಣೆಯ ನಮ್ಮ ಗ್ಯಾರೇಜಿನಲ್ಲಿ ಬಿಟ್ಟುಹೋದರು. ರಸ್ತೆಯಲ್ಲಿ ಚುರುಕಾಗಿ ಓಡುವಂತೆ ಎಂಜಿನ್ ಟ್ಯೂನ್ ಮಾಡಬೇಕಿತ್ತು.

ಎಂಜಿನ್ನಿನ ಕಿಡಿಯ ಹೊತ್ತು ನೋಡುವ ಟೈಮಿಂಗ್ ಲೈಟ್ ಹಿಡಿಯಲು ಕತ್ತಲೆ ಬೇಕು. ಮಧ್ಯಾಹ್ನವೇ ನಾನೂ ನನ್ನ ಪಾಲುದಾರ ಅನ್ಸಿಫನೂ ಶಟರ್ ಮುಕ್ಕಾಲು ಎಳೆದು ಎಂಜಿನ್ ಚಾಲೂ ಮಾಡಿದೆವು. ಪ್ಲಗ್ಗಿಗೆ ಕಿಡಿ ಹೋದಾಗಲೆಲ್ಲ ಆ ಲೈಟು ಮಿಂಚುತ್ತದೆ. ಆ ಮಿಂಚಿನಲ್ಲಿ ಎಂಜಿನ್ನಿನ ಮುಂದೆ ತಿರುಗುವ ಫ್ಯಾನು ನಿಂತಂತೆ ಕಾಣುತ್ತದೆ. ಅದು ಕಣ್ಣಿಗಾಗುವ ಮೋಸವೆಂದು ಇಬ್ಬರಿಗೂ ಗೊತ್ತು.

ಅಂದು ಫ್ಯಾನು ನಿಂತಂತೆ ಕಂಡಾಗ ಎಂಜಿನ್ನಿನ ಸದ್ದೂ ನಿಂತುಹೋಯಿತು. ಕಾಲಡಿಯ ನಡುಕವೂ ಇಲ್ಲ. ಆ ಸೆಕೆಯಲ್ಲಿ ಐಸ್ ಪೆಟ್ಟಿಗೆ ತೆರೆದಂತೆ ತಣ್ಣನೆಯ ಗಾಳಿ ಮುಖಕ್ಕೆ ಬಂತು.

"ಬಂದ್ ಬಿತ್ತು ಕ್ಯಾಮಿಲಸಣ್ಣ. ಬೆಲ್ಟ್ ಸಿಕ್ಕಿಕೊಂಡಿರ್ಬೇಕು, ನೋಡ್ತೇನೆ," ಎಂದು ಅನ್ಸಿಫ್ ಫ್ಯಾನಿನತ್ತ ಕೈ ಚಾಚಿದ.

ನನ್ನ ಕೈಯಲ್ಲಿದ್ದ ಲೈಟು ಮಿಂಚುತ್ತಲೇ ಇತ್ತು. ಎಂಜಿನ್ ನಿಂತಿದ್ದರೆ ಅದು ಮಿಂಚುವುದಿಲ್ಲ.

ಅವನ ಕಾಲರ್ ಹಿಡಿದು ಹಿಂದಕ್ಕೆಳೆದೆ. ಅವನ ಕೈಯಿಂದ ಜಾರಿದ ಒರೆಸುವ ಬಟ್ಟೆ ಫ್ಯಾನಿಗೆ ಸಿಕ್ಕಿ, ಸ್ವಲ್ಪವೂ ಸದ್ದಿಲ್ಲದೆ ಚೂರುಚೂರಾಯಿತು. ಆಮೇಲೆ ಎಂಜಿನ್ನಿನ ಗರ್ಜನೆ ಮತ್ತೆ ಕೇಳಿಸಿತು.

"ಬರುವ ತಿಂಗಳು ಒಂದೇ ಕೈಯಲ್ಲಿ ನಿಕಾಹ್ ಮಾಡ್ಕೊಳ್ತೀಯಾ ಮಾರಾಯ?" ಎಂದೆ. ಅವನು ಹೋಗಿ ಎಂಜಿನ್ ಆಫ್ ಮಾಡಿದ.

ನಡೆದದ್ದನ್ನು ನಾವು ಯಾರಿಗೂ ಹೇಳಲಿಲ್ಲ. ಸಂಜೆ ಬಂದ ಹಿರಿಯರು ಕಾರಿನ ಕಡೆ ನೋಡಲೇ ಇಲ್ಲ. ನನ್ನ ಕೈಗಳನ್ನೂ ಅನ್ಸಿಫನ ಕೈಗಳನ್ನೂ ಹಿಡಿದು, ಒಂದೊಂದೇ ಬೆರಳು ಮುಟ್ಟಿ ನೋಡಿ, "ಅಲ್‌ಹಮ್ದುಲಿಲ್ಲಾ" ಎಂದು ದೇವರನ್ನು ಸ್ತುತಿಸಿದರು. ಆಮೇಲೆ ಕೀ ಕೇಳಿದರು.