ಚಹಾ ಬಿಸಿ ಇರುವಾಗಲೇ

ಒಂದಾನೊಂದು ಕಾಲದಲ್ಲಿ, ಕೂರುವುದನ್ನೇ ಮರೆತ ಹುಡುಗಿಯೊಬ್ಬಳಿದ್ದಳು. ಅವಳಿಗೆ ಯಾವ ಮಾಂತ್ರಿಕನ ಶಾಪವೂ ಇರಲಿಲ್ಲ. ಇದ್ದದ್ದು ಹನ್ನೆರಡು ರೂಮು, ಹನ್ನೆರಡು ಕರೆಗಂಟೆ!

ಅದು ಹಿರಿಯರನ್ನು ನೋಡಿಕೊಳ್ಳುವ ಆರೈಕೆ ಮನೆ. ಅವಳು ನಿಂತದ್ದನ್ನು ಯಾರೂ ಕಂಡಿರಲಿಲ್ಲವಾದ್ದರಿಂದ ಅಲ್ಲಿನ ಅಜ್ಜಿ ತಾತಂದಿರು ಅವಳನ್ನು 'ಬುಗುರಿ' ಎನ್ನುತ್ತಿದ್ದರು.

ನಾಲ್ಕನೇ ರೂಮಿನ ಟೀಚರಜ್ಜಿ ಒಮ್ಮೆ ಕೈ ಹಿಡಿದು ಮಾತು ತೆಗೆದುಕೊಂಡಿದ್ದರು. "ಒಂದೇ ಒಂದು ದಿನ ನನ್ನ ಮುಂದೆ ಕೂತು, ಒಂದು ಲೋಟ ಚಹಾ ಬಿಸಿ ಇರುವಾಗಲೇ ಪೂರ್ತಿ ಕುಡೀಬೇಕು ಕಣೇ."

"ನಾಳೆ ಖಂಡಿತ, ಅಜ್ಜಿ!"

ಆ ನಾಳೆ ಬಾರದೆ ಎರಡು ವರ್ಷವಾಗಿತ್ತು. ಪ್ರತಿ ಸಲ ಮೊದಲ ಗುಟುಕಿಗೇ ಗಂಟೆ... ವಾಪಸ್ ಬರುವಷ್ಟರಲ್ಲಿ ಚಹಾದ ಮೇಲೆ ಕೆನೆ.

ಒಂದು ಬೆಳಗ್ಗೆ ಬಿಸಿನೀರಿನ ಬಕೆಟ್ ಹಿಡಿದು ಅವಳು ನಾಲ್ಕನೇ ರೂಮಿಗೆ ಓಡಿಬಂದಾಗ ಬಾಗಿಲಿಗೆ ಅಡ್ಡ ಒಬ್ಬ ನಿಂತಿದ್ದ. ಅಂದೇ ಕೆಲಸಕ್ಕೆ ಸೇರಿದ ಹೊಸ ನರ್ಸ್.

"ದಾರಿ ಬಿಡಿ! ಅಜ್ಜಿಗೆ ಸ್ನಾನ ಮಾಡಿಸ್ಬೇಕು."

"ಆಯ್ತಲ್ಲ..."

"ಯಾರು ಮಾಡಿಸಿದ್ದು?"

"ನೀವೇ. ಒಂದು ಗಂಟೆ ಹಿಂದೆ."

ಅವಳು ಒಳಗೆ ಇಣುಕಿದಳು. ಅಜ್ಜಿಯ ಕೂದಲು ಇನ್ನೂ ಒದ್ದೆ!

"ಇರಲಿ ಬಿಡಪ್ಪಾ," ಒಳಗಿಂದ ಅಜ್ಜಿ ಎಂದರು. "ಮೊನ್ನೆನೂ ಎರಡು ಸಲ ಆಗಿತ್ತು. ಹೇಳಿದ್ರೆ ಪಾಪ, ನೊಂದ್ಕೋತಾಳೆ."

ಅವನು ನಗಲಿಲ್ಲ. ಮೆಲ್ಲಗೆ ಅವಳ ಕೈಯಿಂದ ಬಕೆಟ್ ತೆಗೆದುಕೊಂಡ. ಬೆರಳು ತಾಗಿತು... ಅವಳು ಓಡಿದಳು, ಎಂದಿನಂತೆ.

ಅಲ್ಲಿಂದ ತಿಂಗಳಿಡೀ ಹೀಗೇ. ಅವಳು ತುಂಬಲು ಹೋದ ಬಕೆಟನ್ನು ಅವನು ಅಷ್ಟರಲ್ಲೇ ತುಂಬಿಟ್ಟಿರುತ್ತಿದ್ದ, ಹಾಸಿಗೆ ಬಟ್ಟೆ ಬದಲಾಗಿರುತ್ತಿತ್ತು. ಅವನ ಹೆಜ್ಜೆ ಸದ್ದನ್ನು ಅವಳ ಕಿವಿ ಗಂಟೆಗಿಂತ ಮೊದಲು ಹಿಡಿಯತೊಡಗಿತು.

ಆಮೇಲೆ ಬಂತು ಹೊಸ ಡ್ಯೂಟಿ ಪಟ್ಟಿ. ಅವಳ ಪಾಲಿಗೆ ಆರೇ ರೂಮು. ನಾಲ್ಕನೆಯದು ಇಲ್ಲ!

'ಸ್ನಾನದ ವಿಷಯ ಚಾಡಿ ಹೇಳಿದ್ದಾನೆ! ಇವನನ್ನು ನಂಬಿದೆನಲ್ಲಾ...'

ರಾಜೀನಾಮೆ ಬರೆದು ಮೇಲ್ವಿಚಾರಕಿಯ ಮುಂದಿಟ್ಟಳು. "ಅಜ್ಜಿ ರೂಮು ಇಲ್ಲದ ಮೇಲೆ ನಾನೂ ಇಲ್ಲ, ಮೇಡಂ."

ಆಕೆ ಪತ್ರ ಬಿಚ್ಚಲೇ ಇಲ್ಲ. "ಇದನ್ನ ಅವನಿಗೇ ಕೊಡಮ್ಮ. ಆರು ರೂಮು ತನಗೆ ಹಾಕಿ ಅಂತ ಗಂಟು ಬಿದ್ದವನು ಅವನು. ಎಲ್ಲರೂ ಸರದಿ ಮೇಲೆ ಇಪ್ಪತ್ತು ನಿಮಿಷ ಕೂರ್ಬೇಕಂತೆ, ಅಷ್ಟು ಹೊತ್ತು ಅವರ ಗಂಟೆಗೆ ಇನ್ನೊಬ್ಬರು ಓಡ್ಬೇಕಂತೆ. ಒಪ್ಕೊಂಡೆ. ಹನ್ನೆರಡೂ ನಿನ್ನ ತಲೆಗೆ ಕಟ್ಟಿದ್ದು ನನ್ನ ತಪ್ಪೇ."

ಅವನು ಹಿತ್ತಲಲ್ಲಿ ಬೆಡ್‌ಶೀಟ್ ಒಣಹಾಕುತ್ತಿದ್ದ.

"ನನಗೊಂದು ಮಾತು ಹೇಳ್ಬಹುದಿತ್ತಲ್ಲ!"

"ತಿಂಗಳಿಂದ ನಿಮ್ಮ ಹಿಂದೆ ಓಡ್ತಿದ್ದೀನಿ. ನೀವು ನಿಂತರೆ ತಾನೇ?"

ಅವನು ಕೈಲಿದ್ದ ಬೆಡ್‌ಶೀಟನ್ನು ತಂತಿಗೆ ಹಾಕಿ ಅವಳತ್ತ ತಿರುಗಿದ.

"ನಾನು ಹಿಂದೆ ಕೆಲಸಕ್ಕಿದ್ದ ಕಡೆ, ಸುಸ್ತಲ್ಲಿ ಇಬ್ಬರು ತಾತಂದಿರ ಹಲ್ಲುಸೆಟ್ಟು ಅದಲುಬದಲು ಮಾಡ್ಬಿಟ್ಟೆ. ಇಡೀ ದಿನ ಇಬ್ಬರೂ ಬಾಯಿ ಬಿಡ್ಲಿಲ್ಲ. ಜಗಳ ಆಡಿದಾರೆ ಅಂದ್ಕೊಂಡಿದ್ವಿ!"

ಅವಳಿಗೆ ನಗು ಬಂತು. ಹಿಂದೆಯೇ ಅಳು.

"ನಾಚಿಕೆಗೆ ಕೆಲಸ ಬಿಟ್ಟೆ. ಕೂತ್ಕೋ ಅನ್ನೋರು ಒಬ್ಬರಿದ್ದಿದ್ರೆ... ನೀವೂ ಹಾಗೆ ಹೋಗ್ಬಾರ್ದು ಅನ್ನಿಸ್ತು."

"ಮತ್ತೆ ಅಜ್ಜಿ ರೂಮು ಯಾಕೆ ಕಿತ್ಕೊಂಡ್ರಿ?"

"ಅಲ್ಲಿಗೆ ಕೆಲಸಕ್ಕೆ ಬೇಡ, ನೆಂಟರ ಹಾಗೆ ಹೋಗಿ. ನಿಮ್ಮ ಇಪ್ಪತ್ತು ನಿಮಿಷ ಈಗಲೇ ಶುರು."

ಟೀಚರಜ್ಜಿ ಕುರ್ಚಿ ಎಳೆದಿಟ್ಟು ಕಾದಿದ್ದರು. ಲೋಟದಲ್ಲಿ ಹಬೆ. ಅವಳು ಕೂತಳು. ಒಂದು ಗುಟುಕು... ಟ್ರಿಣ್!

ಎದ್ದೇಬಿಟ್ಟಳು! ಬಾಗಿಲಲ್ಲಿದ್ದ ಅವನು ಕೈ ಅಡ್ಡ ಹಿಡಿದ. "ಕೂತ್ಕೊಳ್ಳಿ. ನಾನಿದ್ದೀನಿ."

ಓಡಿಹೋಗಿ, ಏದುಸಿರು ಬಿಡುತ್ತಾ ಮರಳಿದ. "ಆರನೇ ರೂಮಿನ ತಾತ. ಕನ್ನಡಕ ಹುಡುಕ್ತಿದ್ರು, ಮೂಗಿನ ಮೇಲೇ ಇತ್ತು."

"ಇದೆಲ್ಲಾ... ಬರೀ ಡ್ಯೂಟಿನಾ?" ಲೋಟದೊಳಗೇ ನೋಡುತ್ತ ಕೇಳಿದಳು.

"ಅಲ್ಲ. ನಿಮ್ಮ ಗಂಟೆಗೆ ಜೀವನಪೂರ್ತಿ ಓಡೋ ಆಸೆ. ಒಪ್ತೀರಾ?"

"ನಿಮ್ಮ ಗಂಟೆಗೆ ನಾನು ಓಡೋದಾದ್ರೆ... ಒಪ್ಪಿದೆ."

"ಸರಿಹೋಯ್ತು!" ಅಜ್ಜಿ ಗದರಿದರು. "ಮದುವೆ ಮಾತು ಆಮೇಲೆ. ಆರಿಹೋಗುತ್ತೆ, ಕುಡಿಯೇ!"

ಅವಳು ಕುಡಿದಳು. ನಿಧಾನವಾಗಿ, ನಾಲಿಗೆ ಚುರುಕ್ಕೆನ್ನುವಷ್ಟು ಬಿಸಿಯಾಗಿ, ಕೊನೆಯ ಗುಟುಕಿನವರೆಗೂ. ಆಮೇಲೆ ಲೋಟವನ್ನು ಅಜ್ಜಿಯ ಅಂಗೈ ಮೇಲೆ ಬೋರಲು ಹಾಕಿದಳು.

ಒಂದು ಹನಿಯೂ ಬೀಳಲಿಲ್ಲ.