ಬೌಂಡರಿ ಗೆರೆಯಾಚೆಯ ಹೊಂಗೆ

ಮೇಕೆಯ ಬಾಯಲ್ಲಿ ಇನ್ನೂ ಒಂದು ಎಲೆ ಅಲ್ಲಾಡುತ್ತಿತ್ತು.

“ಅಯ್ಯೋ! ಹೋಗು, ಹೋಗು ಅತ್ಲಾಗೆ!” ಶೋಭಿತಾ ಬ್ಯಾಟು ಬೀಸುತ್ತಾ ಓಡಿದಳು. ಮೇಕೆ ಬೇಲಿಯ ಸಂದಿಯಲ್ಲಿ ನುಸುಳಿ ಪರಾರಿಯಾಯಿತು. ಅವಳ ಹೊಂಗೆ ಗಿಡದ ಜಾಗದಲ್ಲಿ ಗೇಣುದ್ದದ ಬೋಳು ಕಡ್ಡಿ ಉಳಿದಿತ್ತು.

ಹಳ್ಳಿಮೈಸೂರಿನ ಆ ಮೈದಾನದ ಸುತ್ತ ಮೊದಲು ಒಂದು ಮರವೂ ಇರಲಿಲ್ಲ. ಹೋದ ಬೇಸಿಗೆಯಲ್ಲಿ ಫೀಲ್ಡಿಂಗ್ ಮಾಡುತ್ತಿದ್ದ ರಜನೀಶ್ ಬಿಸಿಲಿಗೆ ತಲೆಸುತ್ತಿ ಬಿದ್ದುಬಿಟ್ಟ. “ವರ್ಷವರ್ಷಕ್ಕೂ ಬಿಸ್ಲು ಜಾಸ್ತಿ ಆಯ್ತಾ ಅದೆ. ಆಡೋರೇ ಮರ ಬೆಳೆಸ್ಬೇಕು,” ಎಂದು ಕೋಚ್ ಪಾಲಾಕ್ಷ ಸಾರ್ ಮಳೆಗಾಲದಲ್ಲಿ ಟೀಮಿನ ಎಲ್ಲರ ಕೈಯಲ್ಲೂ ಒಂದೊಂದು ಗಿಡ ನೆಡಿಸಿದರು. ನೀರು ಹಾಕುವುದು, ಬೇಲಿ ಕಟ್ಟುವುದು ಅವರವರ ಕೆಲಸ. ಗಿಡ ಸತ್ತರೆ ಒಂದು ಮ್ಯಾಚ್ ಹೊರಗೆ.

ನಾಳೆ ಹಳೇಕೋಟೆ ಟೀಮಿನ ಜೊತೆ ಮ್ಯಾಚ್. ಮೊದಲ ಓವರಿನ ಹೊಸ ಬಾಲು ಶೋಭಿತಾಗೇ ಎಂದು ಸಾರ್ ಹೇಳಿಯಾಗಿತ್ತು. ಬೇಲಿಯ ಸಂದಿಯನ್ನು ಅವಳು ಬೆಳಿಗ್ಗೆಯೇ ನೋಡಿದ್ದಳು. ಪ್ರಾಕ್ಟೀಸ್ ಮುಗಿಸಿ ಮುಚ್ಚಿದರಾಯಿತು ಅಂದುಕೊಂಡಿದ್ದಳು.

“ಅಳ್ಬೇಡ ಕಣೇ,” ಎಂದ ವಿಕೆಟ್ ಕೀಪರ್ ಅಭಿಷೇಕ್. ಓಡಿಹೋಗಿ ರಸ್ತೆಬದಿಯ ಹೊಂಗೆಮರದಿಂದ ಒಂದು ಕೊಂಬೆ ಮುರಿದು ತಂದ. “ಆ ಕಡ್ಡಿ ಕಿತ್ತಾಕು. ಇದನ್ನ ನೆಟ್ಬುಡಾನ. ನಾಳೆವರ್ಗೂ ಹಸ್ರಾಗಿರ್ತದೆ. ಯಾರ್ಗೂ ಗೊತ್ತಾಗಕಿಲ್ಲ.”

ಶೋಭಿತಾ ಕಣ್ಣೊರೆಸಿಕೊಂಡು ಕಡ್ಡಿ ಹಿಡಿದು ಎಳೆದಳು. ಬರಲಿಲ್ಲ. ಬುಡಕ್ಕೆ ಹಾಸಿದ್ದ ಒಣಹುಲ್ಲು ಸರಿಸಿದಳು. ಅಲ್ಲೇ ನಿಂತುಬಿಟ್ಟಳು.

ಹುಲ್ಲಿನ ಮರೆಯಲ್ಲಿ ಒಂದು ಚಿಗುರು! ತಿಳಿಗೆಂಪು ಬಣ್ಣ, ಕಡ್ಲೆಕಾಳಿಗಿಂತ ಚಿಕ್ಕದು. ಮೇಕೆಗೆ ಅದು ಕಂಡಿರಲಿಲ್ಲ.

“ಅಭಿ, ಇದು ಸತ್ತಿಲ್ಲ ಕಣೋ!”

“ಅಷ್ಟು ಚಿಕ್ಕದು ಲೆಕ್ಕಕ್ಕಿಲ್ಲ. ಬೇಗ ಕೀಳೇ, ಯಾರಾದ್ರೂ ಬಂದ್ಬುಟ್ಟಾರು.”

ಶೋಭಿತಾ ಹುಲ್ಲನ್ನು ಮೆಲ್ಲಗೆ ಮತ್ತೆ ಚಿಗುರಿಗೆ ಹೊದಿಸಿದಳು. “ಆ ಕೊಂಬೆ ಮೇಕೆಗೇ ಹಾಕ್ಬುಡು, ಹೋಗು.”

ಮಾರನೆಯ ದಿನ ಪಾಲಾಕ್ಷ ಸಾರ್ ಗಿಡದ ಮುಂದೆ ಕುಕ್ಕರುಗಾಲಲ್ಲಿ ಕುಳಿತು ನೋಡಿದರು.

“ಬೇಲಿ ಸಂದಿ ನಾನೇ ಮುಚ್ಚಿರ್ಲಿಲ್ಲ ಸಾ,” ಎಂದಳು ಶೋಭಿತಾ.

“ಆದ್ರೆ ಗಿಡ ಸತ್ತಿಲ್ಲ ಸಾ! ಚಿಗುರದೆ! ಅವ್ಳು ಆಡ್ಲಿ ಸಾ!” ಎಂದ ಅಭಿಷೇಕ್.

ಸಾರ್ ಅವಳ ಕಡೆ ತಿರುಗಿದರು. “ಅದೂ ನಿಜವೇ. ನೀನೇನಂತೀಯವ್ವ?”

ಆಡ್ತೀನಿ ಅನ್ನುವ ಮಾತು ಅವಳ ನಾಲಿಗೆಯ ತುದಿಗೇ ಬಂದಿತ್ತು. ಅಷ್ಟರಲ್ಲಿ ರಸ್ತೆಯ ಕಡೆಯಿಂದ ‘ಮ್ಯಾ’ ಎನ್ನುವುದು ಕೇಳಿಸಿತು.

“ಸಂದಿ ಮುಚ್ಚೋಕೆ ಅಪ್ಪ ಮುಳ್ಳು ತರೋದು ಸಂಜೆಗೆ ಸಾ,” ಎಂದಳು. “ನಾನು ಆಡೋಕ್ಕೋದ್ರೆ ಮೇಕೆ ಮತ್ತೆ ಬಂದ್ಬುಡ್ತದೆ.”

ಸಾರ್ ಅವಳ ತಲೆ ಸವರಿ ಪಿಚ್ ಕಡೆ ನಡೆದರು.

ಹೊಸ ಬಾಲು ಟೀಮಿನ ಇನ್ನೊಬ್ಬ ಬೌಲರ್ ಭವ್ಯಶ್ರೀ ಕೈಗೆ ಹೋಯಿತು. ಅವಳ ಎರಡನೆಯ ಎಸೆತವನ್ನೇ ಹಳೇಕೋಟೆಯ ಹುಡುಗ ಬಲವಾಗಿ ಬಾರಿಸಿದ. ಬಾಲು ಪುಟಿಯುತ್ತಾ ಗೆರೆ ದಾಟಿ ನೇರ ಗಿಡದ ಕಡೆಗೇ ಬಂತು. ಗಿಡದ ಪಕ್ಕ ಕಾವಲು ಕೂತಿದ್ದ ಶೋಭಿತಾ ಅಡ್ಡ ಬಿದ್ದು ತಡೆದಳು. ಅಂಗೈ ಚುರ್ರೆಂದಿತು.

“ಫೋರ್!” ಹಳೇಕೋಟೆಯವರು ಕುಣಿದಾಡಿದರು.

ಅವಳು ಬಾಲನ್ನು ಹಿಂದಕ್ಕೆ ಎಸೆದಳು. ಬಾಲಿನ ಹೊಲಿಗೆ ಇನ್ನೂ ಬೆರಳಿಗೆ ತಾಕುತ್ತಿರುವಂತೆಯೇ ಇತ್ತು.

ಬಿಸಿಲು ಏರಿತು. ಹುಲ್ಲು ಸರಿಸಿ ನೋಡಿದಳು. ಚಿಗುರು ಹಾಗೇ ಇತ್ತು, ಅವಳದೇ ನೆರಳಿನಲ್ಲಿ. ಶೋಭಿತಾ ಹುಲ್ಲು ಮುಚ್ಚಿ, ಮಂಡಿಯ ಮೇಲೆ ಗಲ್ಲವಿಟ್ಟು ಮ್ಯಾಚ್ ನೋಡತೊಡಗಿದಳು. ಸೂರ್ಯ ಸರಿದಂತೆಲ್ಲ ಅವಳೂ ಸ್ವಲ್ಪ ಸ್ವಲ್ಪವೇ ಸರಿದು ಕೂರುತ್ತಿದ್ದಳು.