ಕ್ಯಾಪ್ಟನ್ ಜೊತೆ ಒಂದು ಸಂಜೆ

ಅಜ್ಜಿಯ ಮುತ್ತಿನ ಸರ ನ್ಯಾಯವಾಗಿ ತನಗೇ ಸೇರಬೇಕೆಂಬುದು ಅವನ ಅಚಲ ನಂಬಿಕೆ. ಕೇಳಿದಾಗ ಸೋದರತ್ತೆ, "ನಾನಿನ್ನೂ ಇದ್ದೀನಲ್ಲೋ," ಎಂದು ನಕ್ಕಿದ್ದಳು. ಆ ನಗು ಅವನೊಳಗೆ ಮುಳ್ಳಾಗಿ ಉಳಿಯಿತು.

ಕದಿಯುವುದು ಸುಲಭ, ಅತ್ತೆಯನ್ನು ಮನೆಯಿಂದ ಹೊರಡಿಸುವುದೇ ಕಷ್ಟ. ಮಂಡಿನೋವೆಂದು ಅವಳು ಹೊಸ್ತಿಲು ದಾಟುತ್ತಿರಲಿಲ್ಲ. ಅದಕ್ಕೆ ಮದ್ದು ಅವನ ಕಸುಬಿನಲ್ಲೇ ಇತ್ತು. ವಯಸ್ಸಾದವರು ಕೂತಲ್ಲೇ ಸ್ನೇಹ ಬೆಳೆಸಲೆಂದು ಒಂದು ಜಾಲತಾಣವನ್ನು ವಿನ್ಯಾಸ ಮಾಡಿದ್ದವನು ಅವನೇ. ದಪ್ಪಕ್ಷರ, ದೊಡ್ಡ ದೊಡ್ಡ ಗುಂಡಿ, ಅವಸರಪಡಿಸದ ಪುಟಗಳು. ಹಿರಿಯರಿಗೆ ಬೇಕಿರುವುದು ಸುದ್ದಿಯಲ್ಲ, ತಮಗಾಗಿ ಯಾರೋ ಕಾದಿದ್ದಾರೆಂಬ ಭರವಸೆ ಎಂದು ಕಚೇರಿಯಲ್ಲಿ ಭಾಷಣ ಬಿಗಿದು ಚಪ್ಪಾಳೆ ಗಿಟ್ಟಿಸಿದ್ದ. ಗುರುತುಪತ್ರ ಕೇಳಿ ಅವರನ್ನು ಗೋಳು ಹೊಯ್ದುಕೊಳ್ಳಬಾರದೆಂದು ವಾದಿಸಿ ಗೆದ್ದವನೂ ಅವನೇ.

ಹೀಗೆ ಹಡಗಿನ ನೌಕರಿಯಿಂದ ನಿವೃತ್ತನಾದ, ಹೆಂಡತಿ ತೀರಿಕೊಂಡ ಒಬ್ಬ ಕ್ಯಾಪ್ಟನ್ ಹುಟ್ಟಿಕೊಂಡ. ಅತ್ತೆಯನ್ನು ತಾಣಕ್ಕೆ ಸೇರಿಸಿ, ಪಕ್ಕದಲ್ಲಿ ಕೂತು ಬೆರಳು ಹಿಡಿದು ಕಲಿಸಿದ ಅಳಿಯ, ತನ್ನ ಮನೆಗೆ ಬಂದು ಕ್ಯಾಪ್ಟನ್ನನಾಗಿ ಅವಳಿಗೆ ಬರೆದ.

ಕ್ಯಾಪ್ಟನ್ ಅವನಿಗಿಂತ ಒಳ್ಳೆಯ ಮನುಷ್ಯನಾಗಿಬಿಟ್ಟ. ಮಂಡಿನೋವು ವಿಚಾರಿಸುತ್ತಿದ್ದ, ಹೇಳಿದ್ದನ್ನೇ ಹೇಳಿದರೂ ನಗುತ್ತಿದ್ದ. ತನ್ನ ಸೋದರಳಿಯನೂ ಬರುತ್ತಾನೆ, ಬಂದಷ್ಟು ಹೊತ್ತೂ ಫೋನಿಗೇ ಕಣ್ಣು ನೆಟ್ಟಿರುತ್ತಾನೆ ಎಂದು ಅತ್ತೆ ದೂರಿದಾಗ ಅವನಿಗೆ ಕ್ಯಾಪ್ಟನ್ ಮೇಲೆ ಹೊಟ್ಟೆಕಿಚ್ಚಾಯಿತು. ಆದರೂ, ಈಗಿನ ಕಾಲದ ಹುಡುಗರೇ ಹಾಗೆ ಎಂದು ಸಮಾಧಾನ ಬರೆದ.

ಕೊನೆಗೆ ಕ್ಯಾಪ್ಟನ್, ಉದ್ಯಾನದಲ್ಲಿ ಭೇಟಿಯಾಗೋಣವೇ ಎಂದು ಕೇಳಿದ. ಮಂಡಿನೋವು ಆ ಕ್ಷಣವೇ ಮಾಯ.

ಆ ಸಂಜೆ ಅತ್ತೆಯ ಟ್ಯಾಕ್ಸಿ ತಿರುವು ದಾಟುವುದನ್ನೇ ಕಾದು ಅವನು ಹಿತ್ತಿಲ ಬಾಗಿಲಿನ ಚಿಲಕ ಮೀಟಿದ. ಕಳ್ಳರ ಕೆಲಸದಂತೆ ಕಾಣಲೆಂದು ಬಟ್ಟೆಬರೆ ಚೆಲ್ಲಾಪಿಲ್ಲಿ ಮಾಡಿದ. ಬೀರುವಿನ ತಳದ ಹಲಗೆ ಒಡೆದು ಡಬ್ಬಿ ತೆಗೆದ. ಆ ಜಾಗ ಮನೆಮಂದಿಗೆಲ್ಲ ಗೊತ್ತಿರುವುದೇ, ತನ್ನನ್ನೇ ಯಾರು ಶಂಕಿಸುತ್ತಾರೆ ಎಂದುಕೊಂಡ. ಮುಚ್ಚಳ ತೆರೆದ. ಒಳಗೆ ಹತ್ತಿ, ಅಷ್ಟೇ.

ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಕ್ಯಾಪ್ಟನ್‌ಗೆ ಅತ್ತೆಯ ಫೋಟೊ ಬಂದಿತ್ತು: ಉದ್ಯಾನದ ಬೆಂಚು, ಓರಣವಾಗಿ ಬಾಚಿದ ತಲೆ, ಕೊರಳಲ್ಲಿ ಮುತ್ತಿನ ಸರ. ಮುದುಕರ ಮನಸ್ಸು ಅರೆದು ಕುಡಿದಿದ್ದ ಪಂಡಿತನಿಗೆ, ಗೆಳೆಯನನ್ನು ಮೊದಲ ಸಲ ನೋಡಹೊರಟ ಹೆಂಗಸು ತನ್ನಲ್ಲಿರುವ ಒಳ್ಳೆಯ ಒಡವೆಯನ್ನು ಬೀರುವಿನಲ್ಲಿಟ್ಟು ಹೋಗುತ್ತಾಳೆಯೇ ಎಂಬುದು ಹೊಳೆದೇ ಇರಲಿಲ್ಲ. ಕೆಳಗೆ ಅವನೇ ಆರಿಸಿದ ದಪ್ಪಕ್ಷರದಲ್ಲಿ ಬರೆದಿತ್ತು: "ಇದನ್ನ ಇಡೋ ಜಾಗ ನನಗೆ, ನನ್ನ ಸೋದರಳಿಯನಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ನಿಮಗೋಸ್ಕರ ಹೊರಗೆ ತೆಗೆದೆ. ಎಲ್ಲಿದ್ದೀರಿ?"